ಒಂದೇ ಕಾಶಿಗೆ ಹೋಗಿ ಬಂದೋರು ಎರಡು ಥರ ಯಾಕೆ ಹೇಳ್ತಾರೆ? ಹೊರಡೋ ಮುಂಚೆ ಏನೇನು ಆರಿಸ್ಕೋಬೇಕು

ಕಾಶಿಗೆ ಹೋಗಿ ಬಂದಿರೋ ನಮ್ಮ ಕಡೆಯವರನ್ನ ಕೇಳಿ ನೋಡಿ, ಅರ್ಧ ಜನ "ಜನ್ಮ ಸಾರ್ಥಕ ಆಯ್ತು ಕಣ್ರಿ, ವಾಪಸ್ ಬರೋಕೇ ಮನಸ್ಸಿರ್ಲಿಲ್ಲ" ಅಂತಾರೆ, ಇನ್ನರ್ಧ ಜನ "ಅಯ್ಯೋ ಏನ್ ಗಲೀಜು, ಏನ್ ನೂಕುನುಗ್ಗಲು, ಹೆಜ್ಜೆಗೊಬ್ರು ದುಡ್ಡು ಕೇಳೋರು, ಒಂದ್ಸಲ ಹೋಗಿದ್ದೇ ಸಾಕು" ಅಂತಾರೆ. ಮಧ್ಯದಲ್ಲಿ ನಿಂತು "ಪರವಾಗಿಲ್ಲ, ಚೆನ್ನಾಗಿತ್ತು" ಅನ್ನೋರು ತುಂಬಾ ಕಮ್ಮಿ.

ನಮ್ಮ ಮನೇಲೇ ಇದು ಇದೆ. ನಮ್ಮ ದೊಡ್ಡಮ್ಮ ಕಾಶಿ ಅಂದ್ರೆ ಈಗ್ಲೂ ಕೈ ಮುಗೀತಾರೆ, ನಮ್ಮ ಭಾವ ಕಾಶಿ ಅಂದ್ರೆ ಮಾತು ಬದಲಾಯಿಸ್ತಾರೆ. ಮೊದಲು ನಾನು ಇದು ಭಕ್ತಿ ಇರೋರಿಗೂ ಇಲ್ಲದೋರಿಗೂ ಇರೋ ವ್ಯತ್ಯಾಸ ಅಂತ ತಿಳ್ಕೊಂಡಿದ್ದೆ, ಆದ್ರೆ ಭಾವ ದಿನಾ ಎರಡು ಹೊತ್ತು ಪೂಜೆ ಮಾಡೋ ಮನುಷ್ಯ, ಹಂಗಾಗಿ ಆ ಲೆಕ್ಕ ಸರಿ ಬರ್ಲಿಲ್ಲ. ಇಬ್ರನ್ನೂ ಕೂರಿಸ್ಕೊಂಡು ಎಲ್ಲಿ ಉಳ್ಕೊಂಡ್ರಿ, ಎಷ್ಟು ಹೊತ್ತಿಗೆ ನದಿಗೆ ಹೋದ್ರಿ, ಯಾವ ತಿಂಗಳು, ಎಷ್ಟು ರಾತ್ರಿ ಅಂತ ಒಂದೊಂದೇ ಕೇಳಿದ ಮೇಲೆ ಗೊತ್ತಾಯ್ತು, ಇಬ್ರೂ ನೋಡಿರೋ ಊರು ಬೇರೆ ಬೇರೆ. ದೊಡ್ಡಮ್ಮ ಹನುಮಾನ್ ಘಾಟ್ (ಘಾಟ್ ಅಂದ್ರೆ ನದಿಗೆ ಇಳಿಯೋ ಮೆಟ್ಲು) ಹತ್ರ ಇಳ್ಕೊಂಡು ದಿನಾ ಬೆಳಗ್ಗೆ ಕತ್ತಲಿದ್ದಾಗ್ಲೇ ಸ್ನಾನಕ್ಕೆ ಹೋಗಿದಾರೆ. ಭಾವ ಕಂಟೋನ್ಮೆಂಟ್ ಕಡೆ ಹೋಟ್ಲಲ್ಲಿ ಒಂದು ರಾತ್ರಿ, ಗುಡಿ ಹತ್ರದ ಗೊಡೌಲಿಯಾ ಸರ್ಕಲ್ಲಲ್ಲಿ ಸಂಜೆ ಟ್ರಾಫಿಕ್ಕು, ವಿಶ್ವನಾಥನ ಕ್ಯೂ, ಆರತಿ ಗದ್ದಲ, ಮತ್ತೆ ಬೆಳಗ್ಗೆ ಗಾಡಿ ಹತ್ತಿ ಅಯೋಧ್ಯೆಗೆ. ಇಬ್ರು ಹೇಳೋದೂ ನಿಜ.

ಅದಕ್ಕೇ ಯಾರಾದ್ರೂ "ಕಾಶಿ ಹೆಂಗಿದೆ, ಹೋಗ್ಬಹುದಾ" ಅಂತ ಕೇಳಿದ್ರೆ ನಾನು ಹೂಂ ಉಹೂಂ ಅನ್ನಲ್ಲ, ಎಲ್ಲಿ ಇಳ್ಕೊತೀರಿ, ಯಾವಾಗ ಹೋಗ್ತೀರಿ, ಎಷ್ಟು ರಾತ್ರಿ ಇರ್ತೀರಿ ಅಂತ ವಾಪಸ್ ಕೇಳ್ತೀನಿ. ಇವನ್ನ ಸರಿಯಾಗಿ ಆರಿಸ್ಕೊಂಡ್ರೆ ಮನಸ್ಸಲ್ಲಿ ಉಳಿಯೋ ಕಾಶಿ ಬಹಳಷ್ಟು ನಿಮ್ಮ ಕೈಲೇ ಇರುತ್ತೆ.

ಎಲ್ಲಿ ಇಳ್ಕೋಬೇಕು: ಇದೇ ಮುಖ್ಯ

ಮೊದಲು ಊರಿನ ಆಕಾರ ಸ್ವಲ್ಪ ತಲೇಲಿರ್ಲಿ. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರೀತಾಳೆ, ಊರೆಲ್ಲ ಪಶ್ಚಿಮದ ದಡದಲ್ಲಿದೆ, ಎದುರು ದಡದಲ್ಲಿ ಬರೀ ಮರಳು. ಅದಕ್ಕೇ ಯಾವ ಘಾಟಲ್ಲಿ ಕೂತ್ರೂ ಸೂರ್ಯ ನೇರ ಎದುರಿಗೇ ಹುಟ್ತಾನೆ. ದಕ್ಷಿಣದ ತುದೀಲಿ ಅಸ್ಸಿ, ಉತ್ತರದ ತುದೀಲಿ ಆದಿಕೇಶವ, ಮಧ್ಯ 84 ಘಾಟ್‌ಗಳು, ಹೆಚ್ಚು ಕಮ್ಮಿ ಆರೇಳು ಕಿಲೋಮೀಟರ್. ನಡುಮಧ್ಯದಲ್ಲಿ ದಶಾಶ್ವಮೇಧ, ವಿಶ್ವನಾಥನ ಗುಡಿ, ಹೆಣ ಸುಡೋ ಮಣಿಕರ್ಣಿಕಾ ಘಾಟ್. ಕಂಟೋನ್ಮೆಂಟ್ ಮತ್ತೆ ಮೇನ್ ರೈಲ್ವೆ ಸ್ಟೇಷನ್ ನದಿಯಿಂದ ಒಳಗಡೆ, ಏರ್‌ಪೋರ್ಟ್ ಅಂತೂ ಬಾಬತ್‌ಪುರ್‌ದಲ್ಲಿ, ಊರಿಂದ ಸುಮಾರು 25 ಕಿಲೋಮೀಟರ್.

ಕಂಟೋನ್ಮೆಂಟ್ ಕಡೆ ಇಳ್ಕೊಂಡ್ರೆ ಲಿಫ್ಟ್ ಇರುತ್ತೆ, ಪಾರ್ಕಿಂಗ್ ಇರುತ್ತೆ, ರೂಮ್ ದೊಡ್ಡದಿರುತ್ತೆ, ಮಂಡಿ ನೋವಿರೋರಿಗೆ, ಪುಟ್ಟ ಮಕ್ಕಳಿರೋರಿಗೆ ನಿಜವಾಗ್ಲೂ ಆರಾಮ. ಆದ್ರೆ ನದಿ ನೋಡ್ಬೇಕು ಅಂದಾಗೆಲ್ಲ ಟೋಟೋ (ಬ್ಯಾಟರಿ ರಿಕ್ಷಾ) ಅಥವಾ ಆಟೋ ಹತ್ಕೊಂಡು ಆ ಟ್ರಾಫಿಕ್ಕಲ್ಲಿ ಗೊಡೌಲಿಯಾವರೆಗೆ ಬಂದು, ಅಲ್ಲಿಂದ ಮುಂದೆ ಗಾಡಿ ಬಿಡಲ್ಲ ಅಂತ ಇಳಿಸಿದ ಮೇಲೆ ಜನರ ಮಧ್ಯೆ ನಡ್ಕೊಂಡು ಹೋಗ್ಬೇಕು. ದಿನಕ್ಕೆ ಒಂದು ಸಲ ಮಾಡೋ ಅಷ್ಟರಲ್ಲೇ ಸುಸ್ತು. ಹಂಗಾಗಿ ಇಲ್ಲಿ ಇಳ್ಕೊಂಡೋರು ನೋಡೋ ಕಾಶಿ ಅಂದ್ರೆ ಹಾರನ್ನು, ಧೂಳು, ಜನ, ನಡುವೆ ಒಂದು ಗಂಟೆ ಗಂಗೆ. ಬೇಜಾರಾಗಿ ಬಂದೋರಲ್ಲಿ ಹೆಚ್ಚಿನವರು ಈ ಕಡೆ ಇಳ್ಕೊಂಡಿದ್ದೋರೇ, ನಾನು ಕೇಳಿದ ಮಟ್ಟಿಗೆ.

ದಶಾಶ್ವಮೇಧ, ವಿಶ್ವನಾಥ ಗಲ್ಲಿ ಸುತ್ತಮುತ್ತ ಇಳ್ಕೊಂಡ್ರೆ ದೇವಸ್ಥಾನ ಕೂಗಳತೆಯಲ್ಲಿ ಇರುತ್ತೆ, ಬೆಳಗಿನ ಜಾವ 3 ಗಂಟೆ ಮಂಗಳಾರತಿಗೆ ಟಿಕೆಟ್ ತಗೊಂಡಿರೋರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದ್ರೆ ಗಲ್ಲಿಗಳು ಎರಡು ಜನ ಪಕ್ಕಪಕ್ಕ ಹೋಗೋಕೆ ಕಷ್ಟ, ಮಧ್ಯೆ ಹಸು, ಮಧ್ಯೆ ಬೈಕು, ಲಗೇಜ್ ತಲೆ ಮೇಲೆ ಹೊತ್ಕೊಂಡೇ ಹೋಗ್ಬೇಕಾಗುತ್ತೆ, ರಾತ್ರಿ ಎಷ್ಟೊತ್ತಿಗೂ ಸದ್ದು ನಿಲ್ಲಲ್ಲ. ನಮ್ಮ ಜಂಗಮವಾಡಿ ಮಠ ಇರೋದೂ ಗೊಡೌಲಿಯಾ ಹತ್ರಾನೇ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶಿ ಪೀಠ ಇದು, ಕರ್ನಾಟಕ ಮಹಾರಾಷ್ಟ್ರದಿಂದ ಬರೋ ಭಕ್ತರು ತಲೆತಲಾಂತರದಿಂದ ಇಳ್ಕೊಳ್ಳೋ ಜಾಗ, ಒಳಗೆ ಸಾಲುಸಾಲಾಗಿ ಸಾವಿರಾರು ಲಿಂಗಗಳಿವೆ. ಅಲ್ಲಿ ಇಳ್ಕೊಳ್ಳದೇ ಇದ್ರೂ ಒಮ್ಮೆ ಹೋಗಿ ಆ ಅಂಗಳದಲ್ಲಿ ನಿಂತು ಬನ್ನಿ, ಹೊರಗಿನ ಬೀದಿಗೂ ಒಳಗಿನ ಮೌನಕ್ಕೂ ಒಂದು ಗೋಡೆ ಅಷ್ಟೇ ಅಡ್ಡ.

ಮೂರನೇದು, ನಾನು ಎಲ್ಲರಿಗೂ ಹೇಳೋದು, ದಶಾಶ್ವಮೇಧದಿಂದ ದಕ್ಷಿಣಕ್ಕೆ ಕೇದಾರ ಘಾಟಿಂದ ಹನುಮಾನ್ ಘಾಟ್‌ವರೆಗಿನ ಪಟ್ಟಿ. ಇದು ಹಳೇ ಕಾಲದಿಂದ ದಕ್ಷಿಣದವರ ಕೇರಿ. ಕೇದಾರೇಶ್ವರನ ಗುಡಿಗೆ ಕೆಂಪು ಬಿಳಿ ಪಟ್ಟೆ ಬಳಿದಿರೋದು ನದಿಯಿಂದ್ಲೇ ಕಾಣುತ್ತೆ, ನೋಡಿದ ತಕ್ಷಣ ನಮ್ಮ ಕಡೆ ಗುಡಿ ನೆನಪಾಗುತ್ತೆ. ಹನುಮಾನ್ ಘಾಟ್ ಸುತ್ತಮುತ್ತ ತಮಿಳರು, ತೆಲುಗರು, ಕನ್ನಡದವರು ಎಲ್ಲ ಇದಾರೆ, ಇಡ್ಲಿ ಸಿಗುತ್ತೆ, ಫಿಲ್ಟರ್ ಕಾಫಿ ಸಿಗುತ್ತೆ, ಶ್ರಾದ್ಧ ತರ್ಪಣ ಮಾಡ್ಸೋಕೆ ನಮ್ಮ ಭಾಷೆ ಬರೋ ಪುರೋಹಿತರು ಸಿಗ್ತಾರೆ. ಹನುಮಾನ್ ಘಾಟ್‌ಗೂ ಹರಿಶ್ಚಂದ್ರ ಘಾಟ್‌ಗೂ ಮಧ್ಯ ಕರ್ನಾಟಕ ಘಾಟ್ ಅಂತಾನೇ ಇದೆ, ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು, ಎಷ್ಟೋ ಜನ ಅದರ ಮುಂದೆ ದೋಣೀಲಿ ಹಾದು ಹೋಗ್ತಾರೆ, ಗೊತ್ತೇ ಇರಲ್ಲ. ಇಲ್ಲಿಂದ ದಶಾಶ್ವಮೇಧಕ್ಕೆ ಘಾಟ್ ಮೆಟ್ಲು ಮೇಲೇ ನಡ್ಕೊಂಡು ಹೋಗ್ಬಹುದು, ವಾಹನದ ಸಹವಾಸ ಇಲ್ಲ. ಹರಿಶ್ಚಂದ್ರ ಘಾಟಲ್ಲಿ ಹೆಣ ಸುಡೋದು ಹತ್ರದಲ್ಲೇ ಇರೋದ್ರಿಂದ ಅದು ಮನಸ್ಸಿಗೆ ಒಗ್ಗದೋರು ಸ್ವಲ್ಪ ದೂರ ನೋಡ್ಕೊಳ್ಳಿ, ಹೊಗೆ ಕೆಲವು ದಿನ ರೂಮ್‌ವರೆಗೂ ಬರುತ್ತೆ.

ಅಸ್ಸಿ ಘಾಟ್ ಕಡೆ ಹೋದ್ರೆ ಇನ್ನೂ ಬೇರೆ ಹವಾ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ (ಬಿಎಚ್‌ಯು) ಹುಡುಗರು ಹುಡುಗೀರು, ಪುಸ್ತಕದ ಅಂಗಡಿ, ಕೆಫೆ, ಕೈಲಿ ಗಿಟಾರ್ ಹಿಡ್ಕೊಂಡಿರೋ ವಿದೇಶದವರು, ಕುಲ್ಹಡ್ ಅನ್ನೋ ಮಣ್ಣಿನ ಲೋಟದಲ್ಲಿ ಚಾ. ಫ್ರೆಂಡ್ಸ್ ಜೊತೆ ಹೋಗೋರಿಗೆ, ಒಬ್ಬಂಟಿಯಾಗಿ ಹೋಗೋ ಹೆಣ್ಮಕ್ಕಳಿಗೆ ನಾನು ಅಸ್ಸೀನೇ ಹೇಳ್ತೀನಿ. ರಸ್ತೆ ಹತ್ರ ಇದೆ, ಆಟೋ ಬಾಗಿಲವರೆಗೆ ಬರುತ್ತೆ, ರಾತ್ರಿ ಹತ್ತರವರೆಗೂ ಜನ ಇರ್ತಾರೆ. ಆದ್ರೆ ವಿಶ್ವನಾಥನ ಗುಡಿ ಇಲ್ಲಿಂದ ದೂರ, ವಯಸ್ಸಾದೋರು ದಿನಾ ದರ್ಶನ ಅಂದ್ರೆ ಕಷ್ಟ.

ಬುಕ್ ಮಾಡೋವಾಗ ಒಂದು ಮಾತು ತಪ್ಪದೇ ಕೇಳಿ: ಆಟೋ ಇಳಿದ ಮೇಲೆ ಎಷ್ಟು ದೂರ ನಡೀಬೇಕು, ಎಷ್ಟು ಮೆಟ್ಲು ಹತ್ಬೇಕು. "ಗಂಗಾ ವ್ಯೂ" ಅಂತ ಇರೋ ಜಾಗಗಳು ತುಂಬಾ ಸಲ ಐದನೇ ಮಹಡೀಲಿ ಇರ್ತವೆ, ಲಿಫ್ಟ್ ಇರಲ್ಲ.

ದಶಾಶ್ವಮೇಧದ ಸಂಜೆನೋ, ಅಸ್ಸಿಯ ಬೆಳಗ್ಗೆನೋ

ಟಿವೀಲಿ, ಫೋನಲ್ಲಿ ನೋಡೋ ಗಂಗಾರತಿ ದಶಾಶ್ವಮೇಧದ್ದು. ಸಾಲಾಗಿ ನಿಂತ ಅರ್ಚಕರು, ಎತ್ತರದ ದೀಪದ ಆರತಿ, ಶಂಖ, ಧೂಪ, ನದೀಲಿ ತುಂಬಿರೋ ದೋಣಿಗಳು. ಭವ್ಯ ಅನ್ನೋದಕ್ಕೆ ಎರಡು ಮಾತಿಲ್ಲ. ಆದ್ರೆ ಅದನ್ನ ಮೆಟ್ಲ ಮೇಲೆ ಕೂತು ನೋಡ್ಬೇಕು ಅಂದ್ರೆ ಒಂದು ಒಂದೂವರೆ ಗಂಟೆ ಮುಂಚೆನೇ ಹೋಗಿ ಜಾಗ ಹಿಡೀಬೇಕು, ಮುಂದಿನವರೆಲ್ಲ ಫೋನ್ ಎತ್ತಿ ಹಿಡಿದ್ರೆ ಕಾಣೋದು ಅವರ ಸ್ಕ್ರೀನೇ. ದೋಣೀಲಿ ಕೂತ್ರೆ ಎದುರಿಂದ ಕಾಣುತ್ತೆ, ಆದ್ರೆ ದೋಣಿಗೆ ದೋಣಿ ಅಂಟಿರುತ್ತೆ. ಮುಗಿದ ತಕ್ಷಣ ಅಷ್ಟೂ ಜನ ಒಂದೇ ರಸ್ತೆಗೆ ನುಗ್ತಾರೆ. ಕಾಶಿ ಅಂದ್ರೆ ನೂಕುನುಗ್ಗಲು ಅನ್ನೋ ಅಭಿಪ್ರಾಯ ಹುಟ್ಟೋದು ಬಹುತೇಕ ಆ ಅರ್ಧ ಗಂಟೇಲೇ. ಮುಗಿದ ಮೇಲೆ ಏಳ್ಬೇಡಿ, ಅಲ್ಲೇ ಕೂತಿರಿ, ಮುಕ್ಕಾಲು ಗಂಟೇಲಿ ಘಾಟ್ ಖಾಲಿಯಾಗುತ್ತೆ, ಆಗ ಗಂಗೆ ನಿಮಗೆ ಸಿಗ್ತಾಳೆ.

ಅಸ್ಸೀಲಿ 2014ರಿಂದ ಬೆಳಗಿನ ಹೊತ್ತು ಸುಬಹ್-ಎ-ಬನಾರಸ್ ಅಂತ ಕಾರ್ಯಕ್ರಮ ನಡೀತಿದೆ. ಸೂರ್ಯ ಹುಟ್ಟೋ ಮುಂಚೆ ಆರತಿ, ವೇದಪಾಠ, ಆಮೇಲೆ ಹಿಂದೂಸ್ತಾನಿ ಸಂಗೀತ, ಕೊನೇಗೆ ಯೋಗ. ಜನ ಇರ್ತಾರೆ, ಆದ್ರೆ ಕೂರೋಕೆ ಜಾಗ ಇರುತ್ತೆ, ಯಾರೂ ತಳ್ಳಲ್ಲ. ಒಬ್ಬ ಚಿಕ್ಕ ವಯಸ್ಸಿನ ಕಲಾವಿದ ಕೂತು ಬೆಳಗಿನ ರಾಗ ಹಾಡ್ತಿರ್ತಾನೆ, ಆ ಕಡೆ ಮರಳಿನ ದಡದ ಮೇಲೆ ಕೆಂಪಾಗ್ತಿರುತ್ತೆ, ಹಾಡು ಮುಗಿಯೋ ಹೊತ್ತಿಗೆ ಬೆಳಕು ಹರಿದಿರುತ್ತೆ. ಎರಡರಲ್ಲಿ ಒಂದನ್ನೇ ಆರಿಸ್ಕೋ ಅಂದ್ರೆ ನಾನು ಕಣ್ಮುಚ್ಕೊಂಡು ಬೆಳಗ್ಗೆದು ಅಂತೀನಿ. ಆದ್ರೆ ಅಪ್ಪ ಅಮ್ಮನ್ನ ಮೊದಲ ಸಲ ಕರ್ಕೊಂಡು ಹೋಗ್ತಿದ್ರೆ ದಶಾಶ್ವಮೇಧ ತಪ್ಪಿಸ್ಬೇಡಿ, ಅವರು ಅದನ್ನ ವರ್ಷಗಟ್ಟಲೆ ಮನಸ್ಸಲ್ಲಿ ನೋಡ್ಕೊಂಡು ಬಂದಿರ್ತಾರೆ, ಬೇರೆ ಏನು ತೋರ್ಸಿದ್ರೂ ಅದಿಲ್ದೆ ಅವರಿಗೆ ಕಾಶಿ ಪೂರ್ತಿ ಆಗಲ್ಲ.

ಹೊತ್ತಿನ ವಿಷಯ ಬಂತಲ್ಲ, ಇದೊಂದನ್ನ ನೆನಪಿಟ್ಕೊಳ್ಳಿ: ಬೆಳಗ್ಗೆ ಐದರಿಂದ ಎಂಟು, ರಾತ್ರಿ ಒಂಬತ್ತರ ಮೇಲೆ. ಈ ಎರಡು ಹೊತ್ತಲ್ಲಿ ಘಾಟ್ ಮೇಲೆ ಇರೋ ಊರು ಬೇರೆ, ಮಧ್ಯಾಹ್ನ ಹನ್ನೆರಡಕ್ಕೆ ಗೊಡೌಲಿಯಾದಲ್ಲಿ ಇರೋ ಊರು ಬೇರೆ. ಮಧ್ಯಾಹ್ನ ಊಟ ಮಾಡಿ ಮಲಗಿಬಿಡಿ, ಊರಿನವರೂ ಅದನ್ನೇ ಮಾಡ್ತಾರೆ.

ವಿಶ್ವನಾಥ: ಹಳೇ ಗಲ್ಲಿ ನೋಡಿದೋರು, ಹೊಸ ಕಾರಿಡಾರ್ ನೋಡಿದೋರು

ಇಲ್ಲಿ ಅಭಿಪ್ರಾಯ ಬೇರೆ ಆಗೋಕೆ ಇಸವೀನೇ ಕಾರಣ. ಈಗಿರೋ ಗುಡಿ 1780ರ ಹೊತ್ತಿಗೆ ಇಂದೋರಿನ ರಾಣಿ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು, ಶಿಖರಕ್ಕೆ ಚಿನ್ನ ಕೊಟ್ಟಿದ್ದು ಪಂಜಾಬಿನ ಮಹಾರಾಜ ರಣಜಿತ್ ಸಿಂಗ್. ಗುಡಿ ಚಿಕ್ಕದು, ಸುತ್ತ ಮನೆಗಳು ಒತ್ಕೊಂಡು ಬೆಳ್ದಿದ್ವು, ಹಳಬರೆಲ್ಲ ಹೋಗಿದ್ದು ಆ ಕಿರಿದಾದ ಗಲ್ಲೀಲಿ ಹೂವು, ಹಾಲು, ಕೆಸರು, ಪಂಡಾ ಪುರೋಹಿತರ ಕೂಗಾಟದ ಮಧ್ಯೆ. 2021 ಡಿಸೆಂಬರ್ 13ಕ್ಕೆ ಕಾರಿಡಾರ್ ಉದ್ಘಾಟನೆ ಆಯ್ತು, ಸುಮಾರು 300 ಕಟ್ಟಡಗಳನ್ನ ತೆಗೆದು ಗುಡಿಯಿಂದ ನೇರ ಗಂಗೆಗೆ ದಾರಿ ಮಾಡಿದ್ರು, ಒಟ್ಟು 5 ಲಕ್ಷ ಚದರ ಅಡಿಯಷ್ಟು ಜಾಗ. ಈಗ ಲಲಿತಾ ಘಾಟ್ ಕಡೆಯಿಂದ ಮೆಟ್ಲು ಹತ್ತಿ ಒಳಗೆ ಬರ್ಬಹುದು, ಸ್ನಾನ ಮಾಡಿ ಹಂಗೇ ದರ್ಶನಕ್ಕೆ ಹೋಗೋದು ಅನ್ನೋ ಹಳೇ ಕ್ರಮ ಮತ್ತೆ ಸಲೀಸಾಗಿದೆ.

ನಮ್ಮ ಊರಿನ ಹಿರಿಯರೊಬ್ರು ಎರಡನ್ನೂ ನೋಡಿದೋರು, ಅವರಿಗೆ ಆ ಗಲ್ಲಿ ಹೋಗಿದ್ದು ಇವತ್ತಿಗೂ ನೋವು, "ಹುಡುಕ್ಕೊಂಡು ಹೋಗ್ತಿದ್ವಿ, ತಟ್ಟಂತ ಸಿಗ್ತಿದ್ದ" ಅಂತಾರೆ. ಅವರ ಸೊಸೆ ಮೊದಲ ಸಲ ಹೋಗಿದ್ದು ಕಾರಿಡಾರ್ ಆದ್ಮೇಲೆ, ವೀಲ್‌ಚೇರಲ್ಲಿದ್ದ ತಾಯೀನ ಕರ್ಕೊಂಡು, ಹಳೇ ಗಲ್ಲಿ ಇದ್ದಿದ್ರೆ ಅಮ್ಮನಿಗೆ ದರ್ಶನಾನೇ ಆಗ್ತಿರ್ಲಿಲ್ಲ ಅಂತ ಆಕೆ ಹೇಳ್ತಾರೆ. ಇಬ್ರ ಮಾತೂ ನನಗೆ ಅರ್ಥ ಆಗುತ್ತೆ, ಆದ್ರೆ ನನ್ನ ಮನಸ್ಸು ಆ ತಾಯಿ ಕಡೆಗೇ ವಾಲುತ್ತೆ. ಗಲ್ಲಿಯ ಕಾಶಿ ಬೇಕು ಅನ್ನೋರಿಗೆ ಇನ್ನೂ ಬೇಕಾದಷ್ಟು ಇದೆ, ಕಾಲಭೈರವನ ಕಡೆ ಹೋಗಿ, ಸಂಕಟಾದೇವಿ ಗುಡಿ ಕಡೆ ಹೋಗಿ, ಪಂಚಗಂಗಾ ಘಾಟ್ ಹಿಂದಿನ ಓಣಿಗಳಲ್ಲಿ ನಡೀರಿ, ಅಲ್ಲಿ ಪ್ಯಾಕೇಜ್ ಬಸ್ಸಿನವರು ಬರೋದೇ ಇಲ್ಲ.

ಫ್ರೀ ಕ್ಯೂನೋ, ದುಡ್ಡು ಕೊಟ್ಟು ಸುಗಮ ದರ್ಶನಾನೋ? ಸೋಮವಾರ, ಶ್ರಾವಣ, ಶಿವರಾತ್ರಿ ಬಿಟ್ರೆ, ನಸುಕಿನಲ್ಲಿ ಅಥವಾ ರಾತ್ರಿ ತಡವಾಗಿ ಹೋದ್ರೆ ಫ್ರೀ ಕ್ಯೂನೇ ಸಾಕು. ವಯಸ್ಸಾದೋರಿದ್ರೆ ಸುಗಮ ದರ್ಶನ ತಗೊಳ್ಳಿ, ಆದ್ರೆ ಟ್ರಸ್ಟಿನ ಕೌಂಟರಲ್ಲಿ ಅಥವಾ ಅವರ ವೆಬ್‌ಸೈಟಲ್ಲಿ ಮಾತ್ರ, ದಾರೀಲಿ "ನಾನು ಒಳಗೆ ಕರ್ಕೊಂಡು ಹೋಗ್ತೀನಿ" ಅಂತ ಬರೋರ ಹತ್ರ ಅಲ್ಲ. ನಮ್ಮ ಪರಿಚಯದೋರಿಗೆ ಹೀಗೇ ಒಬ್ಬ ಗಂಟು ಬಿದ್ದು, ಪೂಜೆ ಸಂಕಲ್ಪ ಅಂತೆಲ್ಲ ಹೇಳಿ ಜೇಬು ಖಾಲಿ ಮಾಡ್ಸಿದಾನೆ, ಅವರು ಈಗ್ಲೂ ಕಾಶಿ ಅಂದ್ರೆ ಮೊದಲು ಹೇಳೋದು ಆ ಕಥೇನೇ. ಇಡೀ ಊರಿನ ಮೇಲಿನ ಪ್ರೀತಿ ಇಂಥ ಒಬ್ಬನಿಂದ ಹೋಗಿಬಿಡುತ್ತೆ ಅನ್ನೋದು ನನಗೆ ತುಂಬಾ ಸಂಕಟದ ವಿಷಯ. ಫೋನ್ ಒಳಗೆ ಬಿಡಲ್ಲ, ರೂಮಲ್ಲೇ ಬಿಟ್ಟು ಹೋದ್ರೆ ಲಾಕರ್ ಕೊಡ್ತೀವಿ ಅಂತ ಕರೆಯೋ ಅಂಗಡಿಯವರ ಗೋಳೇ ಇರಲ್ಲ.

ಯಾವ ತಿಂಗಳು

ನವೆಂಬರ್ ಮತ್ತೆ ಫೆಬ್ರವರಿ, ಇವೆರಡೇ ನನ್ನ ಲೆಕ್ಕದಲ್ಲಿ ಒಳ್ಳೆ ತಿಂಗಳು. ನವೆಂಬರಲ್ಲಿ ಚಳಿ ಹಿತವಾಗಿರುತ್ತೆ, ನದಿ ಮೇಲೆ ದೂರದಿಂದ ವಲಸೆ ಬಂದ ಬಿಳಿ ಹಕ್ಕಿಗಳು ಇರ್ತವೆ, ಮಲಯ್ಯೋ ಶುರು ಆಗುತ್ತೆ, ಅದು ಹಾಲಿನ ನೊರೆಯಿಂದ ಮಾಡೋ ಸಿಹಿ, ಚಳಿಗಾಲದಲ್ಲಿ ಬೆಳಗಿನ ಹೊತ್ತು ಮಾತ್ರ ಸಿಗುತ್ತೆ, ಬಾಯಿಗಿಟ್ರೆ ಕರಗಿ ಹೋಗುತ್ತೆ. ಕಾರ್ತಿಕ ಹುಣ್ಣಿಮೆಗೆ ದೇವ ದೀಪಾವಳಿ, ಅಷ್ಟೂ ಘಾಟ್‌ಗಳ ಮೆಟ್ಲಲ್ಲಿ ದೀಪ. ನೋಡ್ಲೇಬೇಕು ಅನ್ನೋರು ತಿಂಗಳುಗಟ್ಟಲೆ ಮುಂಚೆ ರೂಮ್ ಹಿಡೀರಿ, ಆ ದಿನ ರೇಟೂ ಜನಾನೂ ಎರಡೂ ಮಿತಿ ಮೀರಿರುತ್ತೆ. ಶಾಂತಿ ಬೇಕು ಅನ್ನೋರು ಅದೊಂದು ವಾರ ಬಿಟ್ಟು ಬೇರೆ ಯಾವಾಗಾದ್ರೂ ಹೋಗಿ.

ಡಿಸೆಂಬರ್ ಕೊನೆ, ಜನವರಿ ಅಂದ್ರೆ ಮಂಜು. ನಮ್ಮ ಕೊಡಗಿನ ಮಂಜಿನ ಥರ ಅಲ್ಲ, ಎದುರಿನ ದೋಣಿ ಕಾಣಲ್ಲ, ಸೂರ್ಯ ಹತ್ತು ಗಂಟೆವರೆಗೂ ಬರದೇ ಇರಬಹುದು, ರೈಲು ಗಂಟೆಗಟ್ಟಲೆ ಲೇಟು, ಫ್ಲೈಟ್ ಕ್ಯಾನ್ಸಲ್ ಆಗೋದೂ ಉಂಟು. ಕ್ರಿಸ್ಮಸ್ ರಜಕ್ಕೆ ಅಂತ ಬೆಂಗಳೂರಿಂದ ಹೊರಡೋ ಫ್ಯಾಮಿಲಿಗಳಿಗೆ ಇದನ್ನ ಒತ್ತಿ ಹೇಳ್ತೀನಿ, ಸ್ವೆಟರ್ ಒಂದು ಸಾಲಲ್ಲ, ಮಂಕಿ ಕ್ಯಾಪು ಶಾಲು ಎಲ್ಲ ಬೇಕು, ವಾಪಸ್ ಬರೋ ದಿನ ಆಫೀಸಿಗೆ ಹೋಗೋ ಪ್ಲಾನ್ ಇಟ್ಕೋಬೇಡಿ. ಫೋಟೋ ತೆಗೆಯೋರಿಗೆ ಮಾತ್ರ ಆ ಮಂಜೇ ಹಬ್ಬ.

ಮೇ ಜೂನ್ ಬಿಸ್ಲು 42, 44 ಡಿಗ್ರಿ, ಘಾಟಿನ ಕಲ್ಲು ಕಾಲು ಸುಡುತ್ತೆ. ಬೇಸಿಗೆ ರಜ ಅಂತ ಮಕ್ಕಳ ಜೊತೆ ಹೋಗಿ ಮೂಗು ಮುರಿದು ಬಂದೋರು ತುಂಬಾ ಜನ, ತಪ್ಪು ಊರಿಂದಲ್ಲ, ತಿಂಗಳಿಂದ.

ಮಳೆಗಾಲದ್ದು ಬೇರೆ ವಿಷಯ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಗಂಗೆ ಏರಿದಾಗ ಕೆಳಗಿನ ಮೆಟ್ಲೆಲ್ಲ ಮುಳುಗಿ ಹೋಗ್ತವೆ, ಘಾಟಿಂದ ಘಾಟಿಗೆ ನಡೆಯೋ ದಾರೀನೇ ಇರಲ್ಲ, ದೋಣಿ ನಿಲ್ಲಿಸ್ತಾರೆ, ಆರತೀನ ಮೇಲಿನ ತಾರಸಿಗೆ ತಗೊಂಡು ಹೋಗ್ತಾರೆ. ನೀರು ಇಳಿದ ಮೇಲೆ ಮೆಟ್ಲ ಮೇಲೆ ಆಳೆತ್ತರ ಹೂಳು ನಿಂತಿರುತ್ತೆ, ಪಂಪ್ ಹಚ್ಚಿ ತೊಳೆದು ತೊಳೆದು ಅದನ್ನ ಮತ್ತೆ ನದಿಗೆ ಬಿಡ್ತಾ ಇರ್ತಾರೆ, ಪೂರ್ತಿ ಕ್ಲೀನ್ ಆಗೋ ಹೊತ್ತಿಗೆ ದೇವ ದೀಪಾವಳಿ ಹತ್ರ ಬಂದಿರುತ್ತೆ. ದಸರಾ ರಜದಲ್ಲಿ ಹೋದೋರು ನೋಡೋದು ಈ ಹೂಳನ್ನೇ, ಬಂದು "ಕಾಶಿ ಗಲೀಜು" ಅಂತಾರೆ. ಕಸ ಕಾಶೀಲಿ ಇಲ್ಲ ಅಂತ ನಾನು ಹೇಳಲ್ಲ, ಗಲ್ಲಿಗಳಲ್ಲಿ ಇದೆ, ಪಾನ್ ಉಗಿದ ಕೆಂಪು ಗೋಡೆ ಗೋಡೆಗೂ ಇದೆ. ಆದ್ರೆ ಆ ಮಣ್ಣು ಹಿಮಾಲಯದಿಂದ ಬಂದ ಪ್ರವಾಹದ ಮಣ್ಣು.

ದೋಣಿ, ನಡಿಗೆ

ಮೋಟರ್ ದೋಣಿ ಅರ್ಧ ಮುಕ್ಕಾಲು ಗಂಟೇಲಿ ಅಸ್ಸಿಯಿಂದ ಮಣಿಕರ್ಣಿಕಾ ತೋರಿಸಿ ವಾಪಸ್ ಬಿಡುತ್ತೆ, ಗುಂಪಿಗೆ ಅಗ್ಗ. ಹುಟ್ಟು ಹಾಕೋ ದೋಣಿ ನಿಧಾನ, ದುಡ್ಡೂ ಜಾಸ್ತಿ ಬೀಳ್ಬಹುದು, ಆದ್ರೆ ಸದ್ದಿಲ್ಲ, ದಡದ ಗಂಟೆ, ಬಟ್ಟೆ ಒಗೆಯೋ ಸದ್ದು, ಯಾರೋ ಮಂತ್ರ ಹೇಳೋದು ಎಲ್ಲ ಕೇಳಿಸುತ್ತೆ. ಜೊತೆಗಿರೋರು ನಾಲ್ಕು ಜನಕ್ಕಿಂತ ಕಮ್ಮಿ ಇದ್ರೆ ಹುಟ್ಟಿನ ದೋಣೀನೇ ತಗೊಳ್ಳಿ, ರೇಟು ಹತ್ತೋ ಮುಂಚೆ ಒಟ್ಟು ಎಷ್ಟು ಅಂತ ಮಾತಾಡ್ಕೊಳ್ಳಿ, ತಲೆಗೆ ಎಷ್ಟು ಅಂತ ಅಲ್ಲ.

ನಡೆಯೋ ಶಕ್ತಿ ಇದ್ರೆ ನಡಿಗೆಗೆ ಸಾಟಿ ಇಲ್ಲ. ಬೆಳಗ್ಗೆ ಅಸ್ಸಿಯಿಂದ ಹೊರಟು ಚೇತ್ ಸಿಂಗ್ ಕೋಟೆ ಗೋಡೆ ಕೆಳಗೆ ಹಾದು, ಹನುಮಾನ್, ಕರ್ನಾಟಕ, ಹರಿಶ್ಚಂದ್ರ, ಕೇದಾರ ದಾಟಿ, ದಶಾಶ್ವಮೇಧದಲ್ಲಿ ಚಾ ಕುಡಿದು, ಪಕ್ಕದ ಮಾನ್ ಮಂದಿರದ ಮಹಡಿ ಮೇಲೆ ರಾಜಾ ಜೈಸಿಂಗ್ ಕಟ್ಟಿಸಿದ ಜಂತರ್ ಮಂತರ್ ನೋಡಿ, ಪಂಚಗಂಗಾವರೆಗೆ. ಮಂಗಳೂರಿನ ಮಸೀದಿ ಓಣಿ, ಮಠದ ಬೀದಿ ಪಕ್ಕಪಕ್ಕ ನೋಡಿ ಬೆಳೆದೋರಿಗೆ ಪಂಚಗಂಗಾದಲ್ಲಿ ಏನೂ ಹೊಸದು ಅನ್ಸಲ್ಲ: ಮೇಲೆ ಔರಂಗಜೇಬನ ಕಾಲದ ಮಸೀದಿ, ಕೆಳಗೆ ಕಬೀರರಿಗೆ ರಾಮಾನಂದರ ಪಾದ ತಾಗಿತು ಅಂತ ಜನ ನಂಬೋ ಮೆಟ್ಲು, ಕಾರ್ತಿಕದಲ್ಲಿ ಬಿದಿರಿನ ತುದೀಲಿ ಆಕಾಶದೀಪ.

ಮಧ್ಯದಲ್ಲಿ ಮಣಿಕರ್ಣಿಕಾ ಸಿಗುತ್ತೆ. ಇದನ್ನ ಮಕ್ಕಳಿಗೆ ತೋರಿಸ್ಬೇಕೋ ಬೇಡ್ವೋ ಅಂತ ಕೇಳ್ತಾರೆ. ಮಗು ಪ್ರಶ್ನೆ ಕೇಳೋ ವಯಸ್ಸಿನದ್ದಾಗಿದ್ರೆ, ನೀವು ಉತ್ತರ ಹೇಳೋಕೆ ತಯಾರಿದ್ರೆ ತೋರಿಸಿ, ಇಲ್ಲಾಂದ್ರೆ ದೋಣೀಲಿ ದೂರದಿಂದ ಸಾಕು. ಇತ್ತೀಚೆಗೆ ಮನೇಲಿ ಸಾವಾಗಿರೋರು ಮಾತ್ರ ಯೋಚ್ನೆ ಮಾಡಿ ಹೋಗಿ, ಕೆಲವರಿಗೆ ಅಲ್ಲಿ ಸಮಾಧಾನ ಸಿಗುತ್ತೆ, ಕೆಲವರಿಗೆ ಗಾಯ ಮತ್ತೆ ತೆರ್ಕೊಳ್ಳುತ್ತೆ. ಯಾರೇ ಹೋದ್ರೂ ಫೋಟೋ ತೆಗೀಬೇಡಿ, ಅಲ್ಲಿ ಉರೀತಿರೋದು ಯಾರದೋ ಅಪ್ಪ, ಯಾರದೋ ಅಕ್ಕ. ಸೌದೆಗೆ ದಾನ ಕೊಡಿ ಅಂತ ಬೆನ್ನು ಹತ್ತೋರಿಗೆ ಕೈ ಮುಗಿದು ಮುಂದೆ ಹೋಗ್ತಾ ಇರಿ.

ಪ್ಯಾಕೇಜೋ, ಸ್ವಂತಾನೋ

ಕರ್ನಾಟಕದ ಮುಜರಾಯಿ ಇಲಾಖೆ 2022 ನವೆಂಬರಲ್ಲಿ ಶುರು ಮಾಡಿದ ಭಾರತ್ ಗೌರವ್ ಕಾಶಿ ದರ್ಶನ ರೈಲು ಕಾಶಿ, ಅಯೋಧ್ಯೆ, ಪ್ರಯಾಗ ಮೂರನ್ನೂ ತೋರಿಸ್ಕೊಂಡು ಬರುತ್ತೆ, ಶುರುವಾದಾಗ ಒಬ್ಬೊಬ್ರಿಗೆ 5,000 ರೂಪಾಯಿ ಸರ್ಕಾರದ ಸಹಾಯಧನ ಇತ್ತು. ಈಗಿನ ದರ ಹೊರಡೋ ಮುಂಚೆ ವಿಚಾರಿಸ್ಕೊಳ್ಳಿ. ಹಿಂದಿ ಬರದ ಹಳ್ಳಿ ಹಿರಿಯರಿಗೆ, ಒಬ್ಬಂಟಿ ಅಜ್ಜಿಯರಿಗೆ ಇದು ದೊಡ್ಡ ಉಪಕಾರ, ಊಟ, ವಸತಿ, ಜೊತೆಗೆ ಕನ್ನಡದವರು, ಭಯ ಇಲ್ಲ. ಆದ್ರೆ ಅಲ್ಲಿ ಕಾಶಿಗೆ ಸಿಗೋ ಹೊತ್ತು ಕಮ್ಮಿ, ಗುಂಪಿನ ಜೊತೇಲೇ ಏಳ್ಬೇಕು, ಗುಂಪಿನ ಜೊತೇಲೇ ಹೊರಡ್ಬೇಕು. ಖಾಸಗಿ ಟೂರ್‌ಗಳಲ್ಲಿ ಕೆಲವು ಇನ್ನೂ ಅವಸರ, ಸೀರೆ ಅಂಗಡೀಲಿ ಕಳೆಯೋ ಹೊತ್ತು ಗಂಗೆ ಮುಂದೆ ಕಳೆಯೋ ಹೊತ್ತಿಗಿಂತ ಜಾಸ್ತಿ ಇರುತ್ತೆ.

ಹಿಂದಿ ನಾಲ್ಕು ಮಾತು ಬರುತ್ತೆ, ಕಾಲಲ್ಲಿ ಶಕ್ತಿ ಇದೆ ಅಂದ್ರೆ ಸ್ವಂತ ಹೋಗಿ, ಮೂರು ರಾತ್ರಿಗಿಂತ ಕಮ್ಮಿ ಬೇಡ. ಮೊದಲನೇ ದಿನ ಊರು ನಿಮ್ಮನ್ನ ಹೆದರಿಸುತ್ತೆ, ಎರಡನೇ ದಿನ ದಾರಿ ಗೊತ್ತಾಗುತ್ತೆ, ಮೂರನೇ ದಿನ ಚಾ ಅಂಗಡಿಯವನು ಗುರುತು ಹಿಡೀತಾನೆ. ಒಂದೇ ರಾತ್ರಿ ಇದ್ದೋರು ಹೆದರಿಕೆ ಒಂದನ್ನೇ ನೋಡಿ ಬರ್ತಾರೆ.

ಮೂರು ದಿನ ಇದ್ರೆ ಒಂದು ಮಧ್ಯಾಹ್ನ ಸಾರನಾಥ ಇಟ್ಕೊಳ್ಳಿ, ಹತ್ತು ಕಿಲೋಮೀಟರ್ ಅಷ್ಟೇ, ಹುಲ್ಲುಹಾಸು, ಮರದ ನೆರಳು, ಧಮೇಖ್ ಸ್ತೂಪ, ಮ್ಯೂಸಿಯಮ್ಮಲ್ಲಿ ನಮ್ಮ ದೇಶದ ಲಾಂಛನದ ನಾಲ್ಕು ಸಿಂಹ. ಶುಕ್ರವಾರ ಮ್ಯೂಸಿಯಂ ರಜ, ಅವತ್ತು ಬಿಟ್ಟು ಹೋಗಿ. ಇನ್ನೊಂದು ಸಂಜೆ ಬಿಎಚ್‌ಯು ಕ್ಯಾಂಪಸ್. 1916ರಲ್ಲಿ ಮದನ ಮೋಹನ ಮಾಳವೀಯರು ಕಟ್ಟಿದ ಈ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು, ಇದನ್ನ ಅಲ್ಲಿ ಹೋಗಿ ಮಕ್ಕಳಿಗೆ ಹೇಳಿ. ಸಾಲುಮರದ ಅಗಲ ರಸ್ತೆ, ಒಳಗೊಂದು ಹೊಸ ವಿಶ್ವನಾಥ ಮಂದಿರ, ಅದೇ ಊರಲ್ಲಿ ಇಷ್ಟು ಜಾಗ ಇದೆಯಾ ಅನ್ಸುತ್ತೆ.

ಒಂದ್ಸಲ ಹೋಗಿ ಬೇಜಾರಾಗಿ ಬಂದಿದ್ರೆ

ಮತ್ತೆ ಹೋಗೋ ಹಂಗಿದ್ರೆ ಹೋದ ಸಲ ಮಾಡಿದ್ದಕ್ಕೆ ಉಲ್ಟಾ ಮಾಡಿ. ಕಂಟೋನ್ಮೆಂಟಲ್ಲಿ ಇದ್ರೆ ಈ ಸಲ ಕೇದಾರದ ಕಡೆ ಇಳ್ಕೊಳ್ಳಿ, ಸಂಜೆ ನೋಡಿದ್ರೆ ಬೆಳಗ್ಗೆ ನೋಡಿ, ಅಯೋಧ್ಯೆ ಪ್ರಯಾಗ ಎಲ್ಲ ಸೇರ್ಸಿ ಹೋಗಿದ್ರೆ ಈ ಸಲ ಅವನ್ನ ಬಿಟ್ಟು ಕಾಶಿ ಒಂದಕ್ಕೇ ಹೋಗಿ. ನಮ್ಮ ಭಾವನಿಗೂ ಇದನ್ನೇ ಹೇಳಿ ಒಪ್ಪಿಸ್ತಾ ಇದೀನಿ, ದೊಡ್ಡಮ್ಮನೂ ಜೊತೆಗೆ ಬರ್ತೀನಿ ಅಂದಿದಾರೆ, ಫೆಬ್ರವರಿ ಮೊದಲ ವಾರ, ಹನುಮಾನ್ ಘಾಟ್ ಹತ್ರ ನೆಲಮಹಡಿ ರೂಮ್ ವಿಚಾರಿಸ್ತಾ ಇದೀವಿ. ಶಿವರಾತ್ರಿ ಯಾವ ದಿನ ಬೀಳುತ್ತೆ ಅಂತ ಪಂಚಾಂಗ ನೋಡ್ಕೊಂಡೇ ಟಿಕೆಟ್ ಮಾಡೋದು, ನೀವೂ ಹಂಗೇ ಮಾಡಿ.